ಐದನೇ ಕ್ಲಾಸಿನ ಮಂಗಟ್ಟೆ, ಹತ್ತನೇ ಕ್ಲಾಸಿನ ಮಂಗಟ್ಟೆ

ಕೈ ಪಳಗಿದಂತೆ ಕಾರ್ಟೂನು ಪ್ರಾಣಿಯ ರೂಪವೂ ಬದಲಾಗುತ್ತದೆ. ಮಿಕ್ಕಿ ಮೌಸ್‌ಗೆ ಕಣ್ಣುಗುಡ್ಡೆ ಬಂತು, ಸ್ನೂಪಿ ನಾಯಿ ಎರಡು ಕಾಲ ಮೇಲೆ ಎದ್ದು ನಿಂತಿತು, ಗಾರ್ಫೀಲ್ಡ್ ಬೆಕ್ಕಿನ ಪಾದ ಊದಿಕೊಂಡಿತು. ಮೊದಲ ತಿದ್ದುಪಡಿ ಗೆರೆ ಕೂಡಿಸುತ್ತದೆ, ಎರಡನೆಯದು ಕಳೆಯುತ್ತದೆ. ಪ್ರಾಣಿ ಬದುಕುವುದು ಎರಡನೆಯದರಿಂದ!

ಐದನೇ ಕ್ಲಾಸಿನ ಹುಡುಗಿಯೊಬ್ಬಳ ಲೆಕ್ಕದ ಪಟ್ಟಿಯ ಕೊನೆಯ ಹಾಳೆ. ಮೇಲರ್ಧದಲ್ಲಿ ಭಾಗಾಕಾರದ ರಫ್ ಕೆಲಸ, ಕೆಳಗರ್ಧದಲ್ಲಿ ಒಂದು ಹಕ್ಕಿ. ಕೊಕ್ಕು ನೇಂದ್ರ ಬಾಳೆಕಾಯಿಯಷ್ಟು ದಪ್ಪ, ಕಾಲು ಎರಡು ಕಡ್ಡಿ, ಕಣ್ಣು ಒಂದು ಚುಕ್ಕಿ. ರೆಕ್ಕೆ ಎಲ್ಲಿಂದ ಹೊರಟಿದೆಯೆಂದು ಹಕ್ಕಿಗೇ ಗೊತ್ತಿಲ್ಲ. ಆದರೂ ಅದು ಮಂಗಟ್ಟೆಯೇ, ನೋಡಿದವರಿಗೆ ಅನುಮಾನ ಬರುವುದಿಲ್ಲ.

ಅಂಕೋಲಾ ತಾಲೂಕಿನ ಹಿಲ್ಲೂರಿನಂಥ ಊರಲ್ಲಿ ಬೆಳೆಯುವ ಮಕ್ಕಳಿಗೆ ಬಿಡಿಸಲು ಇದಕ್ಕಿಂತ ತಮಾಷೆಯ ಹಕ್ಕಿ ಬೇರೆ ಸಿಗಲಿಕ್ಕಿಲ್ಲ. ಉತ್ತರ ಕನ್ನಡದ ಕಾಡಿನಲ್ಲಿ ನಾಲ್ಕು ಜಾತಿಯ ಮಂಗಟ್ಟೆಗಳಿವೆ. ಅತ್ತಿ, ಬಸರಿ ಹಣ್ಣಾಗುವ ಹೊತ್ತಿಗೆ ಮರದ ತುದಿಯಿಂದ ಯಾರೋ ಗಹಗಹಿಸಿ ನಕ್ಕಂತೆ ಕೇಳಿದರೆ ಅದು ಬೂದು ಮಂಗಟ್ಟೆಯ ಕೂಗು.

ಐದು ವರ್ಷ ಕಳೆಯಿತೆನ್ನಿ. ಆ ಹಕ್ಕಿಯನ್ನು ಬಿಡಿಸಿದ ಹುಡುಗಿ ಈಗ ಹತ್ತನೇ ಕ್ಲಾಸು, ಲೋವರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆ ಪಾಸು. ಹಳೆಯ ಪಟ್ಟಿ ಕೈಗೆ ಸಿಕ್ಕಿದಾಗ ಅವಳಿಗೆ ಮೊದಲು ನಗು ಬರುತ್ತದೆ, ಆಮೇಲೆ ನಾಚಿಕೆ. ಹಕ್ಕಿಯನ್ನು ಹೊಸದಾಗಿ ಬಿಡಿಸಬೇಕು. ಆದರೆ ಎಷ್ಟು ಬದಲಿಸಿದರೆ ಅದು ಅದೇ ಹಕ್ಕಿ? ಎಷ್ಟು ಬದಲಿಸಿದರೆ ಬೇರೆ ಹಕ್ಕಿ? ನೂರು ವರ್ಷಗಳಿಂದ ಕಾರ್ಟೂನು ಪ್ರಾಣಿಗಳನ್ನು ಸಾಕಿದವರೆಲ್ಲ ಈ ಪೇಚಿಗೆ ಸಿಕ್ಕವರೇ.

ಇಲಿಯ ಹನ್ನೆರಡು ವರ್ಷ

1928ರ ನವೆಂಬರ್ 18ರಂದು ನ್ಯೂಯಾರ್ಕಿನಲ್ಲಿ ತೆರೆಕಂಡ ‘ಸ್ಟೀಮ್‌ಬೋಟ್ ವಿಲ್ಲಿ’ಯ ಮಿಕ್ಕಿ ಮೌಸ್ ಬರೀ ವೃತ್ತಗಳ ಜೋಡಣೆ. ತಲೆ ಒಂದು ವೃತ್ತ, ಕಿವಿ ಎರಡು, ಹೊಟ್ಟೆ ಇನ್ನೊಂದು. ಕೈಕಾಲು ಎಲುಬಿಲ್ಲದ ಕೊಳವೆ. ಬಿಡಿಸಿದವರು ವಾಲ್ಟ್ ಡಿಸ್ನಿಯ ಜೊತೆಗಾರ ಅಬ್ ಐವರ್ಕ್ಸ್. ಮಿಕ್ಕಿಯ ಮೊತ್ತಮೊದಲ ಚಿತ್ರ ‘ಪ್ಲೇನ್ ಕ್ರೇಜಿ’ಗಾಗಿ ದಿನಕ್ಕೆ 700 ಚಿತ್ರ ಬಿಡಿಸಿದರೆಂಬ ಖ್ಯಾತಿ ಅವರದು. ಆ ವೇಗಕ್ಕೆ ವೃತ್ತವಲ್ಲದೆ ಬೇರೆ ಆಕಾರ ಒಗ್ಗುತ್ತಿರಲಿಲ್ಲ.

ಮೊದಲ ತಿದ್ದುಪಡಿ ಬಂದದ್ದು ಅಂದಕ್ಕಾಗಿ ಅಲ್ಲ, ಅನುಕೂಲಕ್ಕಾಗಿ. ಕಪ್ಪು ಮೈಯ ಮುಂದೆ ಕಪ್ಪು ಕೈ ಕಾಣುತ್ತಿರಲಿಲ್ಲ. 1929ರ ‘ದಿ ಓಪ್ರಿ ಹೌಸ್’ ಚಿತ್ರದಲ್ಲಿ ಇಲಿ ಬಿಳಿ ಕೈಗವಸು ತೊಟ್ಟಿತು, ಬೆರಳಿನ ಆಟ ತಟ್ಟನೆ ಎದ್ದುಕಂಡಿತು. ಇಂದು ಮಿಕ್ಕಿಯ ಗುರುತೇ ಆಗಿರುವ ಕೈಗವಸು ಹುಟ್ಟಿದ್ದು ಹೀಗೆ.

ನಿಜವಾದ ಕಾಯಕಲ್ಪ ಮಾಡಿದವರು ಫ್ರೆಡ್ ಮೂರ್ ಎಂಬ ಯುವ ಚಿತ್ರಗಾರ. ಗುಂಡಗಿದ್ದ ಹೊಟ್ಟೆಯನ್ನು ಅವರು ಪೇರಳೆಯ ಆಕಾರಕ್ಕೆ ತಂದರು. ಇಲಿ ಬಾಗಿದರೆ ಬೆನ್ನು ಹಿಗ್ಗಬೇಕು, ಹೊಟ್ಟೆ ಮುದುಡಬೇಕು. ಗಟ್ಟಿ ವೃತ್ತಕ್ಕೆ ಅದು ಬಾರದು, ಪೇರಳೆಗೆ ಬರುತ್ತದೆ. 1939ರ ‘ದಿ ಪಾಯಿಂಟರ್’ ಚಿತ್ರದ ಹೊತ್ತಿಗೆ ಕಣ್ಣಿಗೆ ಬಿಳಿಯೂ ಗುಡ್ಡೆಯೂ ಬಂದವು. 1940ರ ‘ಫ್ಯಾಂಟೇಸಿಯಾ’ದಲ್ಲಿ ಮಂತ್ರವಾದಿಯ ಟೋಪಿ ಹಾಕಿಕೊಂಡು ನಿಂತ ಮಿಕ್ಕಿ ಹೆಚ್ಚುಕಡಿಮೆ ಇಂದಿನದೇ.

ಕಿವಿಯನ್ನು ಮಾತ್ರ ಹೆಚ್ಚುಕಡಿಮೆ ಹಾಗೆಯೇ ಬಿಟ್ಟರು. ತಲೆ ಎತ್ತ ತಿರುಗಿದರೂ ಎರಡೂ ಕಿವಿ ಪೂರ್ಣ ವೃತ್ತವಾಗಿಯೇ ಕಾಣುತ್ತವೆ. ಯಾವ ಇಲಿಯ ತಲೆಬುರುಡೆಯಲ್ಲೂ ಇದು ಸಾಧ್ಯವಿಲ್ಲ. ಸುಳ್ಳೆಂದು ಗೊತ್ತಿದ್ದೂ ಬಿಡಲಿಲ್ಲ, ಏಕೆಂದರೆ ಆ ಸುಳ್ಳು ಹೋದರೆ ಮಿಕ್ಕಿಯೇ ಹೋಯಿತು. ತಿದ್ದುವವರಿಗೆ ಬೇಕಾದ ಮೊದಲ ಜಾಣತನ ಇದು: ಯಾವ ತಪ್ಪನ್ನು ಉಳಿಸಿಕೊಳ್ಳಬೇಕೆಂದು ತಿಳಿಯುವುದು.

ಅಂದ ಹಾಗೆ, 1940ರ ಇಲಿ 1928ರದಕ್ಕಿಂತ ಮುದ್ದು, ಒಪ್ಪಬೇಕು. ಆದರೆ ಹಸುವಿನ ಹಲ್ಲಿನ ಮೇಲೆ ಸಂಗೀತ ನುಡಿಸಿ, ಹಂದಿಮರಿಗಳ ಬಾಲ ಎಳೆದು ರಾಗ ಹೊರಡಿಸಿದ ಆ ಹಳೆಯ ತುಂಟ ಎಲ್ಲಿಗೆ ಹೋದ? ಗೆರೆ ನಯವಾದಂತೆ ನಡತೆಯೂ ನಯವಾಯಿತು. ರೂಪ ತಿದ್ದಿದರೆ ಸ್ವಭಾವವೂ ಜೊತೆಗೆ ಬದಲಾಗುವ ಅಪಾಯ ಇದ್ದೇ ಇದೆ.

> ಅಳತೆಪಟ್ಟಿ ಹಿಡಿದ ವಿಜ್ಞಾನಿ
> ಅಮೆರಿಕದ ಜೀವವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್ 1979ರಲ್ಲಿ ಮಿಕ್ಕಿಯನ್ನೇ ಅಳೆದು ಲೇಖನ ಬರೆದರು. ತಲೆಯ ಉದ್ದಕ್ಕೆ ಹೋಲಿಸಿದರೆ ಕಣ್ಣಿನ ಗಾತ್ರ ಶೇ 27ರಿಂದ ಶೇ 42ಕ್ಕೆ ಏರಿತ್ತು. ಮೈಯ ಉದ್ದಕ್ಕೆ ಹೋಲಿಸಿದರೆ ತಲೆ ಶೇ 42.7ರಿಂದ ಶೇ 48.1ಕ್ಕೆ ಬೆಳೆದಿತ್ತು. ದೊಡ್ಡ ತಲೆ, ದೊಡ್ಡ ಕಣ್ಣು ಎಳೆಗೂಸಿನ ಲಕ್ಷಣ. ಅದನ್ನು ಕಂಡರೆ ಮನುಷ್ಯರಿಗೆ ಮುದ್ದು ಉಕ್ಕುತ್ತದೆ. ವಯಸ್ಸಾದಂತೆ ಮಿಕ್ಕಿ ಎಳೆಯದಾಗುತ್ತ ಬಂದಿತ್ತು!

ಬೆಕ್ಕಿಗೆ ಮನುಷ್ಯನ ಪಾದ

ಕಥೆ ಬೆಳೆದಾಗ ಪ್ರಾಣಿಯ ಮೈ ಅದಕ್ಕೆ ಸಾಲದೆ ಹೋಗುವುದುಂಟು. ಜಿಮ್ ಡೇವಿಸ್ ಅವರ ಗಾರ್ಫೀಲ್ಡ್ 1978ರ ಜೂನ್ 19ರಂದು ಪತ್ರಿಕೆಗಳಲ್ಲಿ ಕಾಣಿಸಿಕೊಂಡಾಗ ಅದೊಂದು ಡೊಳ್ಳುಹೊಟ್ಟೆಯ ಬೆಕ್ಕು. ಸಣ್ಣ ಕಣ್ಣು, ಜೋತುಬಿದ್ದ ಕೆನ್ನೆ, ನಾಲ್ಕು ಪುಟ್ಟ ಪಂಜ. ಬಿದ್ದುಕೊಂಡು ಗೊಣಗುವ ಪಾತ್ರಕ್ಕೆ ಅಷ್ಟು ಸಾಕಿತ್ತು.

ಬೆಕ್ಕನ್ನು ಟಿವಿಗೆ ತರುವ ಕೆಲಸ ಶುರುವಾದಾಗ ತೊಡಕು ಎದುರಾಯಿತು. ಗಾರ್ಫೀಲ್ಡ್ ಎರಡು ಕಾಲ ಮೇಲೆ ನಡೆಯಬೇಕು, ಕುಣಿಯಬೇಕು. ಡೇವಿಸ್ ಎಷ್ಟು ಸಲ ಬಿಡಿಸಿದರೂ ಅದು ಮುಗ್ಗರಿಸುವಂತೆಯೇ ಕಾಣುತ್ತಿತ್ತು. ಡೇವಿಸ್ ಹೇಳಿಕೊಂಡಿರುವ ಪ್ರಕಾರ, ಸ್ನೂಪಿಯ ಜನಕ ಚಾರ್ಲ್ಸ್ ಶುಲ್ಜ್ ಆಗ ಆ ಟಿವಿ ಚಿತ್ರ ತಯಾರಾಗುತ್ತಿದ್ದ ಸ್ಟುಡಿಯೋದಲ್ಲೇ ಇದ್ದರು. ನೋಡಿದ ತಕ್ಷಣ ರೋಗ ಹಿಡಿದರು: ಬೆಕ್ಕಿನ ಪಾದ ತೀರಾ ಚಿಕ್ಕದು, ಮನುಷ್ಯನ ಪಾದದಂಥ ದೊಡ್ಡದನ್ನು ಕೊಡಬೇಕು. ಕೊಟ್ಟರು. ಬೆಕ್ಕು ನಿಂತಿತು. 1982ರ ‘ಹಿಯರ್ ಕಮ್ಸ್ ಗಾರ್ಫೀಲ್ಡ್’ ಟಿವಿ ಚಿತ್ರದ ನಂತರ ಪತ್ರಿಕೆಯ ಚಿತ್ರಪಟ್ಟಿಯಲ್ಲೂ ಅದು ಆ ದೊಡ್ಡ ಪಾದಗಳ ಮೇಲೆಯೇ ಓಡಾಡಿಕೊಂಡಿದೆ.

ಶುಲ್ಜ್ ಅವರಿಗೆ ಈ ಮದ್ದು ತಿಳಿದದ್ದು ಸ್ವಂತ ಪಾಡಿನಿಂದ. 1950ರ ಅಕ್ಟೋಬರ್ 2ರಂದು ‘ಪೀನಟ್ಸ್’ ಚಿತ್ರಪಟ್ಟಿ ಶುರುವಾಗಿ ಎರಡು ದಿನಕ್ಕೆ ಬಂದ ಸ್ನೂಪಿ ನಾಲ್ಕು ಕಾಲಲ್ಲಿ ನಡೆಯುವ ಸಾಮಾನ್ಯ ನಾಯಿಮರಿ. 1952ರಲ್ಲಿ ಅದರ ಮನಸ್ಸಿನ ಮಾತು ಗುಳ್ಳೆಯಲ್ಲಿ ಕಾಣಿಸಿತು. 1956ರ ಜನವರಿಯಲ್ಲಿ ಮಂಜುಗಡ್ಡೆಯ ಮೇಲೆ ಎರಡು ಕಾಲಲ್ಲಿ ಜಾರಿತು. ಗೂಡಿನೊಳಗೆ ಮಲಗುವುದನ್ನು ಬಿಟ್ಟು 1958ರಲ್ಲಿ ಗೂಡಿನ ಮಾಡಿನ ಮೇಲೇರಿತು. 1965ರಲ್ಲಿ ಅದೇ ಮಾಡು ಮೊದಲ ಮಹಾಯುದ್ಧದ ವಿಮಾನವಾಯಿತು.

ಈ ಹಾದಿಯುದ್ದಕ್ಕೂ ಮೂತಿ ಉದ್ದವಾಯಿತು, ತಲೆ ಹಿಗ್ಗಿತು, ಕತ್ತು ಕುಗ್ಗಿತು. ಯಾವುದೂ ಒಂದೇ ದಿನದಲ್ಲಿ ಆದದ್ದಲ್ಲ. ನಿತ್ಯ ಪತ್ರಿಕೆ ಓದುವವರಿಗೆ ಬದಲಾವಣೆ ಗೊತ್ತೇ ಆಗಲಿಲ್ಲ. ಗೊತ್ತಾಗದಂತೆ ತಿದ್ದುವುದು ನಿತ್ಯದ ಪಟ್ಟಿ ಬರೆಯುವವರಿಗೆ ಮಾತ್ರ ಸಿಗುವ ಭಾಗ್ಯ.

ಗರಿ ಎಣಿಸುವ ಕಾಲ

ಇವೆಲ್ಲ ಪಳಗಿದ ಕೈಗಳ ಕಥೆ. ಕಲಿಯುತ್ತಿರುವ ಕೈಯ ಮೊದಲ ತಿದ್ದುಪಡಿ ಸಾಮಾನ್ಯವಾಗಿ ಹಾಳಾಗುತ್ತದೆ, ಅದಕ್ಕೆ ಕಾರಣವೂ ಇದೆ. ಡ್ರಾಯಿಂಗ್ ಪರೀಕ್ಷೆಗೆ ಕಲಿತ ನೆರಳು-ಬೆಳಕನ್ನೆಲ್ಲ ಆ ಬಡಪಾಯಿ ಪ್ರಾಣಿಯ ಮೇಲೆ ಸುರಿಯುವ ಉತ್ಸಾಹ. ಪ್ರತಿ ಗರಿಗೂ ಗೆರೆ, ಕಾಲಿಗೆ ಚಿಪ್ಪು, ಕೊಕ್ಕಿಗೆ ಹೊಳಪು. ಚಿತ್ರ ‘ಚೆನ್ನಾಗಿ’ ಬಂದಿರುತ್ತದೆ, ಹಕ್ಕಿ ಸತ್ತಿರುತ್ತದೆ. ಅದು ಪಠ್ಯಪುಸ್ತಕದ ಹಕ್ಕಿ, ನಗಲಾರದು, ಓಡಲಾರದು.

ದೊಡ್ಡ ಸ್ಟುಡಿಯೋಗಳೂ ಈ ಹಂತವನ್ನು ದಾಟಿಯೇ ಬಂದಿವೆ. 1940ರ ಫೆಬ್ರುವರಿಯಲ್ಲಿ ಹನ್ನಾ ಮತ್ತು ಬಾರ್ಬೆರಾ ಜೋಡಿಯ ಮೊದಲ ಬೆಕ್ಕು-ಇಲಿ ಚಿತ್ರ ಬಂದಾಗ ಮುಂದೆ ಟಾಮ್ ಆಗಲಿದ್ದ ಬೆಕ್ಕಿನ ಹೆಸರು ಜಾಸ್ಪರ್. ಮೈತುಂಬ ಕೆದರಿದ ರೋಮ, ಮುಖದ ತುಂಬ ಸುಕ್ಕು. ಮುಂದಿನ ಕೆಲವು ವರ್ಷಗಳಲ್ಲಿ ರೋಮ ಹೋಯಿತು, ಸುಕ್ಕು ಹೋಯಿತು, ಹುಬ್ಬು ಉಳಿಯಿತು. ಅದರ ಹಿಂದೆ ಒಂದು ಸರಳ ಲೆಕ್ಕವಿದೆ. ಸೆಕೆಂಡಿಗೆ 12 ಚಿತ್ರವೆಂದರೂ ಏಳು ನಿಮಿಷದ ಚಿತ್ರಕ್ಕೆ ಐದು ಸಾವಿರ ಸಲ ಅದೇ ಬೆಕ್ಕನ್ನು ಬಿಡಿಸಬೇಕು. ಒಂದು ಗೆರೆ ಬಿಟ್ಟರೆ ಐದು ಸಾವಿರ ಗೆರೆ ಉಳಿಯಿತು.

ಉಳಿತಾಯಕ್ಕಿಂತ ದೊಡ್ಡ ಲಾಭ ಅಭಿನಯದ್ದು. ಗೆರೆ ಕಡಿಮೆಯಾದಷ್ಟೂ ಉಳಿದ ಗೆರೆಗಳಿಗೆ ಮಾತು ಹೆಚ್ಚು. ಸಿಟ್ಟಾದ ಟಾಮ್‌ನ ಹುಬ್ಬು ನೆನಪಾಗುತ್ತದೆ. ಅದರ ಮೈರೋಮ ಯಾರಿಗೆ ನೆನಪಿದೆ?

> ಭೋಲು ಹಸಿರು ದೀಪ ಬೀಸಿದ ಸಂಜೆ
> ಭಾರತೀಯ ರೈಲ್ವೆಯ 150ನೇ ವರ್ಷಕ್ಕಾಗಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ರೂಪಿಸಿದ ಆನೆ ಗಾರ್ಡ್ ‘ಭೋಲು’ ಜನರೆದುರು ಬಂದದ್ದು ಬೆಂಗಳೂರಿನಲ್ಲಿ, 2002ರ ಏಪ್ರಿಲ್ 16ರಂದು. ಅಂದು ಸಂಜೆ ಹಸಿರು ದೀಪ ಬೀಸಿ ಕರ್ನಾಟಕ ಎಕ್ಸ್‌ಪ್ರೆಸ್ ರೈಲನ್ನು ಬೀಳ್ಕೊಟ್ಟಿತು. ಒಂದು ವರ್ಷದ ಸಂಭ್ರಮಕ್ಕೆಂದು ಹುಟ್ಟಿದ ಆನೆಯನ್ನು ರೈಲ್ವೆ 2003ರಲ್ಲಿ ಕಾಯಂ ಲಾಂಛನ ಮಾಡಿಕೊಂಡಿತು. ಸೊಂಡಿಲು, ಸಮವಸ್ತ್ರ, ದೀಪ: ದೂರದಿಂದ ಗುರುತು ಹಿಡಿಯಲು ಈ ಮೂರೇ ಸಾಕು.

ಮೈಸೂರಿನ ಕಾಗೆ

ಕಳೆಯುವ ವಿದ್ಯೆಗೆ ಕನ್ನಡ ನಾಡಿನ ದೊಡ್ಡ ಹೆಸರು ಆರ್.ಕೆ. ಲಕ್ಷ್ಮಣ್. 1921ರ ಅಕ್ಟೋಬರ್ 24ರಂದು ಮೈಸೂರಿನಲ್ಲಿ ಹುಟ್ಟಿದ ಅವರು ಮನೆಯ ನೆಲ, ಗೋಡೆ, ಬಾಗಿಲುಗಳ ಮೇಲೆಲ್ಲ ಗೀಚಿಯೇ ಬೆಳೆದವರು. ಮುಂಬಯಿಯ ಜೆ.ಜೆ. ಕಲಾಶಾಲೆ ಅವರಿಗೆ ಪ್ರವೇಶ ನಿರಾಕರಿಸಿತು. ಮಹಾರಾಜಾ ಕಾಲೇಜಿನಲ್ಲಿ ಪದವಿ ಓದಿದರು, ಡಾ. ಎಂ. ಶಿವರಾಂ 1942ರಲ್ಲಿ ಶುರುಮಾಡಿದ ‘ಕೊರವಂಜಿ’ ಹಾಸ್ಯಪತ್ರಿಕೆಗೆ ಚಿತ್ರ ಬರೆದರು.

ಬಾಲ್ಯದಿಂದ ಕೊನೆಯವರೆಗೆ ಅವರು ಬಿಡಿಸುತ್ತಲೇ ಇದ್ದ ಪ್ರಾಣಿಯೆಂದರೆ ಕಾಗೆ. ಹಸಿರು ಎಲೆ, ಕೆಂಪು ಮಣ್ಣು, ನೀಲಿ ಬಾನು, ಯಾವುದರ ಮುಂದೆ ಕೂತರೂ ಎದ್ದುಕಾಣುವ ಕಪ್ಪು ಹಕ್ಕಿ ಹುಡುಗನ ಕಣ್ಣಿಗೆ ಬಿದ್ದದ್ದು ಸಹಜ. ರಾಜಕೀಯ ವ್ಯಂಗ್ಯಚಿತ್ರದ ದೊರೆಯಾದ ಮೇಲೂ ಕಾಗೆಯನ್ನು ಬಿಡಲಿಲ್ಲ.

ಲಕ್ಷ್ಮಣರ ಕಾಗೆ ಕಥೆಯ ಪಾತ್ರವಲ್ಲ, ಅದಕ್ಕೆ ಹೆಸರೂ ಇಲ್ಲ. ಆದರೂ ಪಾತ್ರ ತಿದ್ದುವವರು ಅದನ್ನು ನೋಡಬೇಕು. ನಾಲ್ಕಾರು ಒರಟು ಕುಂಚದೇಟು, ಅಷ್ಟೇ. ತಲೆ ಓರೆ ಮಾಡಿದ ಕೋನದಲ್ಲೇ ಹಕ್ಕಿಯ ಕಳ್ಳಬುದ್ಧಿ ಕಾಣುತ್ತದೆ. ಸಾವಿರ ಸಲ ನೋಡಿದ ಮೇಲೆ ಬರುವ ಧೈರ್ಯ ಅದು. ಅವರ ವ್ಯಂಗ್ಯಚಿತ್ರಗಳ ‘ಜನಸಾಮಾನ್ಯ’ನೂ ಹುಟ್ಟಿದ್ದು ಕಳೆಯುವುದರಿಂದಲೇ. ಮೊದಲು ಬೇರೆಬೇರೆ ಪ್ರಾಂತದ ಜನರ ಗುಂಪನ್ನೇ ಚೌಕಟ್ಟಿಗೆ ತುಂಬಿಸುತ್ತಿದ್ದರು. ಪತ್ರಿಕೆಯ ಗಡಿಯಾರ ಬಿಡಲಿಲ್ಲ. ಒಬ್ಬೊಬ್ಬರಾಗಿ ಕೈಬಿಟ್ಟು ಉಳಿದವನೇ ಚೌಕಳಿ ಕೋಟಿನ ಆ ಮುದುಕ.

ಕಾಗೆಯನ್ನು ಪಾತ್ರವಾಗಿ ಮಕ್ಕಳ ಮುಂದಿಟ್ಟ ಪತ್ರಿಕೆಯ ಹಿಂದೆಯೂ ಕನ್ನಡ ನಾಡಿನವರೇ ಇದ್ದರು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ 1980ರಲ್ಲಿ ‘ಟಿಂಕಲ್’ ಆರಂಭಿಸಿದರು. ಅದರಲ್ಲಿ ಬಂದ ಕಾಲಿಯಾ ಕಾಗೆಯ ಕಥೆ ಲೂಯಿಸ್ ಫರ್ನಾಂಡಿಸ್ ಅವರದು, ಚಿತ್ರ ಪ್ರದೀಪ್ ಸಾಠೆ ಅವರದು. ಚಮಾಟಕ ನರಿ, ದೂಬ್‌ದೂಬ್ ಮೊಸಳೆಯ ಬಾಯಿಂದ ಮೊಲಗಳನ್ನು ಪಾರುಮಾಡುವುದು ಕಾಗೆಯ ಕಸುಬು. ಕಪ್ಪು ಹಕ್ಕಿಗೆ ಭಾವ ತರುವುದು ಸುಲಭವಲ್ಲ. ಮುಖದ ಮೇಲೆ ಗೆರೆ ಎಳೆದರೆ ಕಪ್ಪಿನಲ್ಲಿ ಕಳೆದುಹೋಗುತ್ತದೆ. ಕಣ್ಣು, ಕೊಕ್ಕಿನ ಮೂಲೆ, ಕೂತ ಭಂಗಿ, ಇವೇ ಎಲ್ಲವನ್ನೂ ಹೇಳಬೇಕು.

ಮಂಗಟ್ಟೆಯ ರಿಪೇರಿ

ಈಗ ಹಿಲ್ಲೂರಿನ ಹಕ್ಕಿಯನ್ನೇ ಮೇಜಿನ ಮೇಲೆ ಇಟ್ಟುಕೊಳ್ಳಬಹುದು. ಹಳೆಯ ಚಿತ್ರದ ಮೇಲೆ ತೆಳು ಕಾಗದ ಹಾಕಿ, ಹೊರಗೆರೆ ಮಾತ್ರ ತೆಗೆದು ಒಳಗೆಲ್ಲ ಕಪ್ಪು ತುಂಬಬೇಕು. ಆ ಕಪ್ಪು ನೆರಳಿನಲ್ಲೂ ಮಂಗಟ್ಟೆಯೆಂದು ಗೊತ್ತಾಗುವ ಭಾಗ ಯಾವುದೋ ಅದನ್ನು ಮುಟ್ಟುವಂತಿಲ್ಲ. ಇಲ್ಲಿ ಅದು ಕೊಕ್ಕು. ಐದನೇ ಕ್ಲಾಸಿನ ಕೈ ಅದನ್ನು ಮೈಗಿಂತ ದೊಡ್ಡದು ಮಾಡಿದ್ದು ತಪ್ಪಲ್ಲ, ಅದೇ ಆ ಚಿತ್ರದ ಜೀವ.

ಆಮೇಲೆ ನಿಜವಾದ ಹಕ್ಕಿಯನ್ನು ನೋಡಬೇಕು. ಹಳೆಯ ಚಿತ್ರದಲ್ಲಿ ಕೊಕ್ಕಿನ ಮೇಲೊಂದು ಕಿರೀಟವಿದ್ದರೆ ಅದು ಯಾವ ಮಂಗಟ್ಟೆಯದೆಂದು ಕೇಳಿಕೊಳ್ಳಬೇಕು. ಕಿರೀಟವಿರುವುದು ದೊಡ್ಡ ಮಂಗಟ್ಟೆಯಂಥವಕ್ಕೆ. ಪಶ್ಚಿಮ ಘಟ್ಟದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದ ಬೂದು ಮಂಗಟ್ಟೆಯ ಕೊಕ್ಕು ಬೋಳು. ಪಾತ್ರ ಯಾವ ಜಾತಿಯದೆಂದು ಈಗಲೇ ತೀರ್ಮಾನಿಸುವುದು ಒಳ್ಳೆಯದು. ನಗುವ ಹಕ್ಕಿ ಬೇಕಾದರೆ ಬೂದು, ಗತ್ತಿನ ಹಕ್ಕಿ ಬೇಕಾದರೆ ದೊಡ್ಡದು.

ನೋಡಿದರೆ ಒಂದು ಉಡುಗೊರೆಯೂ ಸಿಗುತ್ತದೆ. ಮಂಗಟ್ಟೆಗೆ ರೆಪ್ಪೆಗೂದಲಿದೆ! ಬಹುತೇಕ ಹಕ್ಕಿಗಳಿಗೆ ಇಲ್ಲದ್ದು, ಗರಿಯೇ ಮಾರ್ಪಟ್ಟು ಆದದ್ದು. ಕಾರ್ಟೂನಿಗೆ ಇಂಥ ವರ ಬೇಡಿದರೂ ಸಿಗದು. ಚುಕ್ಕಿ ಕಣ್ಣನ್ನು ತುಸು ಹಿಗ್ಗಿಸಿ ಮೂರು ರೆಪ್ಪೆಗೂದಲು ಎಳೆದರೆ ಹಕ್ಕಿಗೆ ಅನುಮಾನ, ಬೇಸರ, ಕೊಂಕು ಎಲ್ಲವೂ ಬರುತ್ತವೆ. ನೂರು ಗರಿ ಬಿಡಿಸಿದರೂ ಬಾರದ್ದು ಈ ಮೂರರಿಂದ ಬಂತು.

ಮುಂದಿನದು ತೂಕದ ಪ್ರಶ್ನೆ. ಅಷ್ಟು ದೊಡ್ಡ ಕೊಕ್ಕು ಹೊತ್ತ ಹಕ್ಕಿ ಮುಂದಕ್ಕೆ ಮುಗ್ಗರಿಸದಿರಬೇಕಾದರೆ ಹಿಂದೆ ಉದ್ದ ಬಾಲ, ಕೆಳಗೆ ಅಗಲ ಪಾದ ಬೇಕು. ಗಾರ್ಫೀಲ್ಡ್‌ಗೆ ಕೊಟ್ಟ ಮದ್ದೇ ಇಲ್ಲಿಯೂ. ರೆಕ್ಕೆ ಭುಜದಿಂದ ಹೊರಡಬೇಕು. ತುದಿಯ ಮೂರು ನಾಲ್ಕು ಗರಿಗಳನ್ನು ಬೆರಳೆಂದುಕೊಂಡರೆ ಹಕ್ಕಿ ಹಣ್ಣು ಹಿಡಿಯಬಲ್ಲದು, ಸೊಂಟದ ಮೇಲೆ ಕೈ ಇಟ್ಟು ಜಗಳವಾಡಬಲ್ಲದು.

ನಿಜವಾದ ಸತ್ವಪರೀಕ್ಷೆ ಎದುರುನೋಟದಲ್ಲಿದೆ. ಪಕ್ಕದಿಂದ ಅಷ್ಟು ಸೊಗಸಾದ ಕೊಕ್ಕು ಎದುರಿನಿಂದ ಬರೀ ಒಂದು ಮೊಟಕು ಮೂಗು. ಕೊಕ್ಕಿನ ಪಾತ್ರಗಳೆಲ್ಲವೂ ಇಲ್ಲಿ ಒದ್ದಾಡುತ್ತವೆ. ಅನುಭವಿಗಳು ಸಾಧ್ಯವಾದಷ್ಟು ಹಕ್ಕಿಯನ್ನು ಎದುರಿಗೆ ತಿರುಗಿಸುವುದಿಲ್ಲ, ಮುಕ್ಕಾಲು ತಿರುಗಿಸಿ ಬಿಡುತ್ತಾರೆ. ಮಿಕ್ಕಿಯ ಕಿವಿಯಂತೆ ಇದೂ ಒಪ್ಪಿತ ಮೋಸ.

ಕೊನೆಗೆ ಒಂದು ಇಂಚಿನ ಚೌಕದಲ್ಲಿ ಬಿಡಿಸಿ ನೋಡಬೇಕು. ಪತ್ರಿಕೆಯ ಮೂಲೆಯಲ್ಲೋ ಮೊಬೈಲಿನ ಸ್ಟಿಕರಿನಲ್ಲೋ ಹಕ್ಕಿ ಆ ಗಾತ್ರದಲ್ಲೇ ಇರುತ್ತದೆ. ಅಷ್ಟು ಚಿಕ್ಕದಾದಾಗ ಮಸಿಯಾಗಿ ಕೂಡಿಕೊಳ್ಳುವ ಗೆರೆಗಳನ್ನೆಲ್ಲ ಅಲ್ಲೇ ತೆಗೆದುಹಾಕಬಹುದು.

> ಹಳೆಯ ಇಲಿ ಎಲ್ಲರದು
> ‘ಸ್ಟೀಮ್‌ಬೋಟ್ ವಿಲ್ಲಿ’ಯ ಮಿಕ್ಕಿಯ ಮೇಲಿನ ಹಕ್ಕುಸ್ವಾಮ್ಯ ಅಮೆರಿಕದಲ್ಲಿ 2024ರ ಜನವರಿ 1ರಂದು ಮುಗಿಯಿತು. ಮುಗಿದದ್ದು ಆ ರೂಪಕ್ಕೆ ಮಾತ್ರ. 1929ರ ಚಿತ್ರಗಳ ಸರದಿ 2025ರಲ್ಲಿ ಬಂತು. 1940ರ ‘ಫ್ಯಾಂಟೇಸಿಯಾ’ ರೂಪಕ್ಕೆ ಇನ್ನೂ ಕಾಯಬೇಕು. ಪ್ರತಿ ತಿದ್ದುಪಡಿಗೂ ಕಾನೂನಿನ ಕಣ್ಣಲ್ಲಿ ಅದರದೇ ಆಯಸ್ಸು. ಭಾರತದಲ್ಲಿ ಚಿತ್ರಗಾರರ ಜೀವಿತಾವಧಿ ಮತ್ತು ಅದರ ನಂತರದ 60 ವರ್ಷ ಹಕ್ಕು ಉಳಿಯುತ್ತದೆ.

ಒಂದು ಪ್ರಾಣಿ, ಹಲವು ಕೈ

ತಿದ್ದಿದ ರೂಪ ನೆಲೆಗೊಳ್ಳಬೇಕಾದರೆ ಅದನ್ನು ಒಂದು ಹಾಳೆಯಲ್ಲಿ ಕಟ್ಟಿಹಾಕಬೇಕು. ಇದಕ್ಕೆ ಸ್ಟುಡಿಯೋಗಳಲ್ಲಿ ಮಾಡೆಲ್ ಶೀಟ್ ಎನ್ನುತ್ತಾರೆ. ಪಕ್ಕನೋಟ, ಮುಕ್ಕಾಲುನೋಟ, ಬೆನ್ನು, ನಗು, ಅಳು, ಸಿಟ್ಟು, ಮೈಯ ಎತ್ತರ ಎಷ್ಟು ತಲೆಯಷ್ಟು ಎಂಬ ಲೆಕ್ಕ, ಎಲ್ಲ ಒಂದೇ ಕಡೆ. ಬಗ್ಸ್ ಬನ್ನಿ ಮೊಲ 1938ರಲ್ಲಿ ತಲೆಕೆಟ್ಟಂತೆ ಕುಪ್ಪಳಿಸುವ ಬಿಳಿ ಮೊಲವಾಗಿತ್ತು. 1940ರ ‘ಎ ವೈಲ್ಡ್ ಹೇರ್’ನಲ್ಲಿ ಬೂದುಬಣ್ಣದ ನಿಧಾನಸ್ಥನಾಯಿತು. 1943ರಲ್ಲಿ ರಾಬರ್ಟ್ ಮೆಕಿಮ್ಸನ್ ಬರೆದ ಮಾಡೆಲ್ ಶೀಟ್ ಬಂದ ಮೇಲೆಯೇ ಎಲ್ಲರ ಕೈಯಲ್ಲೂ ಒಂದೇ ಮೊಲ ಬರತೊಡಗಿತು.

ಒಬ್ಬರೇ ಬಿಡಿಸುವವರಿಗೂ ಈ ಹಾಳೆ ಬೇಕು. ಇಂದಿನ ಕೈ ಮತ್ತು ಆರು ತಿಂಗಳ ನಂತರದ ಕೈ ಒಂದೇ ಅಲ್ಲ. ಹಾಳೆಯ ಮೂಲೆಯಲ್ಲಿ ತಾರೀಖು ಬರೆದಿಟ್ಟರೆ ಮುಂದಿನ ತಿದ್ದುಪಡಿಗೆ ಅದೇ ದಾರಿ ತೋರಿಸುತ್ತದೆ.

ಕೈ ಸದಾ ಮೇಲಕ್ಕೇ ಏರುವುದಿಲ್ಲ ಎಂಬುದೂ ಲೆಕ್ಕಕ್ಕೆ ಬರಬೇಕು. 1981ರ ಹೃದಯ ಶಸ್ತ್ರಚಿಕಿತ್ಸೆಯ ನಂತರ ಶುಲ್ಜ್ ಅವರ ಕೈ ನಡುಗತೊಡಗಿತು. ಅವರು ಸಹಾಯಕರನ್ನು ಇಟ್ಟುಕೊಳ್ಳಲಿಲ್ಲ. ಸ್ನೂಪಿಯ ಹೊರಗೆರೆ ಅಲೆಅಲೆಯಾಗಿ ನಡುಗುತ್ತಲೇ ಮತ್ತೂ ಹದಿನೆಂಟು ವರ್ಷ ಬಂತು, ಓದುಗರು ಅದನ್ನೂ ಸ್ನೂಪಿಯದೇ ಗೆರೆಯೆಂದು ಒಪ್ಪಿಕೊಂಡರು. 2000ದ ಫೆಬ್ರುವರಿ 12ರಂದು ಅವರು ತೀರಿಕೊಂಡ ಮರುದಿನವೇ ಕೊನೆಯ ಭಾನುವಾರದ ಪಟ್ಟಿ ಅಚ್ಚಾಯಿತು. ಅಷ್ಟರಲ್ಲಿ ಒಟ್ಟು 17,897 ಪಟ್ಟಿಗಳಾಗಿದ್ದವು.

ಕೆಲವೊಮ್ಮೆ ಪಳಗಿದ ಕೈ ಬೇಕೆಂದೇ ಹಿಂದಕ್ಕೆ ಹೋಗುತ್ತದೆ. 2013ರಲ್ಲಿ ಪಾಲ್ ರುಡಿಶ್ ಕೈಗೆ ಮಿಕ್ಕಿಯ ಹೊಸ ಕಿರುಚಿತ್ರಗಳ ಸರಣಿ ಬಂತು. ಅವರು ಕಣ್ಣುಗುಡ್ಡೆ ತೆಗೆದು ಹಳೆಯ ಕಪ್ಪು ಕಣ್ಣನ್ನೂ ಕೊಳವೆಯಂಥ ಕೈಕಾಲನ್ನೂ ವಾಪಸು ತಂದರು. ಎಂಬತ್ತು ವರ್ಷಗಳ ಕಲಿಕೆಯೆಲ್ಲ ಚಲನೆಯಲ್ಲಿ ಉಳಿಯಿತು, ಮುಖ ಮಾತ್ರ ಮೊದಲಿನಂತಾಯಿತು. ತುಂಟತನವೂ ಅದರ ಜೊತೆಗೇ ಮರಳಿತು. ಸರಣಿ 2019ರವರೆಗೆ ನಡೆಯಿತು.